ಒಂದು ರೂಪಾಯಿ ಕಾಯಿನ್ ಬಾಕ್ಸ್: ಡಬ್ಬಿಗೆ ನಾಲ್ಕು ಸ್ಟಾರ್, ಕೋಡಿಗೆ ಒಂದೇ

2001ರಿಂದ ಆರು ವರ್ಷ ಬೆಂಗಳೂರಿನ ಪಿಜಿಯಲ್ಲಿದ್ದೆ. ಮೈಸೂರಿನ ಮನೆಗೆ ಮಾತಾಡಿದ್ದೆಲ್ಲ ಬೀದಿ ಫೋನಿಂದಲೇ, ಹಾಗಾಗಿ ಇದನ್ನು ಬರೆಯೋ ಹಕ್ಕು ನನಗಿದೆ.

ಬೇಕರಿ ಮುಂದಿನ ಕೆಂಪು ಡಬ್ಬಿ, ಅಂದರೆ ನಾಣ್ಯ ಹಾಕಿ ಮಾತಾಡೋ ಫೋನಿನ ಬಗ್ಗೆ ದೂರಿಲ್ಲ. ದೂಳು, ಮಳೆ, ಬನ್ನಿನ ಎಣ್ಣೆ ಕೈ ಎಲ್ಲವನ್ನೂ ತಡೆದುಕೊಂಡಿತು. ರೂಪಾಯಿ ಹಾಕಿದರೆ ಒಂದು ನಿಮಿಷ ಲೋಕಲ್, ಕಟ್ಟಾಗೋ ಮುಂಚೆ ಬೀಪ್, ಅಷ್ಟರಲ್ಲಿ ಇನ್ನೊಂದು ನಾಣ್ಯ ತಳ್ಳಬೇಕಿತ್ತು.

ತಲೆ ಕೆಟ್ಟಿದ್ದು ನಂಬರ್ ಒತ್ತುವುದರಲ್ಲಿ. ಮೈಸೂರಿನ ಊರ ಕೋಡ್ 0821, ಆದರೆ ಈ ಡಬ್ಬಿಯಲ್ಲಿ ಸೊನ್ನೆ ಲಾಕ್, ಸೊನ್ನೆಯಿಂದ ಶುರುವಾಗೋ ನಂಬರ್ ಹೋಗುತ್ತಿರಲಿಲ್ಲ. ಎಸ್‌ಟಿಡಿ, ಅಂದರೆ ಬೇರೆ ಊರಿನ ಕರೆ ಬೇಕಾದರೆ ಹಳದಿ ಬೋರ್ಡಿನ ಬೂತಿಗೇ ಹೋಗಬೇಕಿತ್ತು, ಅಲ್ಲಿ ಮೀಟರಿನ ಕೆಂಪು ಅಂಕಿ ನೋಡುತ್ತಾ ಅಮ್ಮ ಹೇಳಿದ್ದು ಅರ್ಧ ತಲೆಗೆ ಹೋಗುತ್ತಿರಲಿಲ್ಲ. ಆಮೇಲೆ ರಾಜ್ಯದೊಳಗೆ ಸೊನ್ನೆ ಬದಲು 95 ಬಂತು. ಬದಲು ಅಂದರೆ ಸೊನ್ನೆ ತೆಗೆದು, 95821. ನಾನು ಒಂದು ವಾರ 950821 ಒತ್ತಿ, ಯಾಕೆ ಹೋಗುತ್ತಿಲ್ಲ ಅಂತ ಡಬ್ಬಿಗೇ ಗುದ್ದಿದ್ದೆ. ಬೇಕರಿಯವರು ಕೊನೆಗೆ ಸಿಗರೇಟ್ ಪ್ಯಾಕಿನ ರಟ್ಟಿನ ಮೇಲೆ '95, ಸೊನ್ನೆ ಬೇಡ' ಅಂತ ಬರೆದು ಅಂಟಿಸಿದರು. ಅಷ್ಟು ವರ್ಷದಲ್ಲಿ ನಾನು ಕಂಡ ಒಂದೇ ಸರಿಯಾದ ಸೂಚನೆ ಅದು!

ಅಷ್ಟರಲ್ಲಿ ಮನೆ ಫೋನ್ ನಂಬರಿನ ಶುರುವಿಗೆ 2 ಸೇರಿಸಿದರು. ಇದರಲ್ಲಿ ಲೆಕ್ಕ ಇತ್ತು ಬಿಡಿ: ಕೋಡಿನ ಸೊನ್ನೆ ಬಿಟ್ಟು ಎಣಿಸಿದರೆ ಎಲ್ಲ ಊರಿಗೂ ಒಟ್ಟು ಹತ್ತೇ ಅಂಕಿ. ಬೆಂಗಳೂರು 80, ಆಮೇಲೆ ಎಂಟು ಅಂಕಿ. ಮೈಸೂರು 821, ಆಮೇಲೆ ಏಳು ಅಂಕಿ. ಮಂಡ್ಯ 8232, ಆಮೇಲೆ ಆರು ಅಂಕಿ. ಇಷ್ಟನ್ನು ಡಬ್ಬಿ ಮೇಲೆ ಬರೆದಿದ್ದರೆ ನನ್ನ ಎಷ್ಟೋ ರೂಪಾಯಿ ಉಳಿಯುತ್ತಿತ್ತು, ಅಲ್ವಾ?

ಮೊಬೈಲ್ ಇನ್ನೂ ಮಜಾ. 98450ರಿಂದ ಶುರುವಾಗೋ ನಂಬರ್ ನಮ್ಮ ಕರ್ನಾಟಕದ್ದು, ಸುಮ್ನೆ ಒತ್ತಿದರೆ ಹೋಗುತ್ತಿತ್ತು. 98200 ಮುಂಬೈಯದು, ಅದರ ಮೊದಲಿಗೆ ಸೊನ್ನೆ ಬೇಕಿತ್ತು. ಸೊನ್ನೆ ಲಾಕ್ ಆಗಿರೋದು ನೆನಪಿದೆ ತಾನೇ? ಮುಂಬೈಗೆ ಹೋದ ರೂಮ್‌ಮೇಟ್ ಜೊತೆ ಮಾತು ಅಲ್ಲಿಗೇ ನಿಂತಿತು.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಯಾವ ಮೊಬೈಲಿಗಾದರೂ ಸೊನ್ನೆ ಕಡ್ಡಾಯ. ಆ ವಾರ ಅಪ್ಪ ಮೂರು ಸಲ ಒತ್ತಿ ನಾಲ್ಕನೆಯದಕ್ಕೆ ನನಗೆ ಸಿಕ್ಕರು. ಹಲೋ ಕೂಡ ಅನ್ನಲಿಲ್ಲ. "ಮತ್ತೆ ಸೊನ್ನೆ ಬಂತಲ್ಲೋ" ಅಂದರು.