ಚಾರ್ಜ್ ಆಗದ ಫೋನ್‌ ರಿಪೇರಿಗೆ ಪ್ಯಾಟರ್ನ್ ಯಾಕ್ರೀ ಬೇಕು? ಮಂಡ್ಯದಲ್ಲಿ ನಮ್ಮಕ್ಕನಿಗೆ ಆಗಿದ್ದು ಓದಿ, ಹುಷಾರಾಗಿರಿ

ಮಂಡ್ಯ ಮೈಸೂರು ಕಡೆಯವ್ರು ದಯವಿಟ್ಟು ಇದನ್ನ ಪೂರ್ತಿ ಓದಿ, ಮನೇಲಿ ಅಮ್ಮ ಅಕ್ಕ ಅತ್ತೆ ಯಾರಾದ್ರೂ ಒಬ್ರೇ ಹೋಗಿ ಫೋನ್ ರಿಪೇರಿಗೆ ಕೊಡೋರಿದ್ರೆ ಅವ್ರಿಗೂ ಓದಿ ಹೇಳಿ. ಫೋನ್ ಚಾರ್ಜ್ ಆಗ್ತಿಲ್ಲ ಅಂತ ಅಂಗಡಿಗೆ ಹೋದಾಗ "ಪ್ಯಾಟರ್ನ್ ಹೇಳಿ, ಫೋನ್ ಬಿಟ್ಟೋಗಿ, ಸಾಯಂಕಾಲ ಬನ್ನಿ" ಅಂದ್ರೆ ಕೊಡಬೇಡಿ. ಚಾರ್ಜ್ ಆಗ್ತಿದ್ಯೋ ಇಲ್ವೋ ಅಂತ ನೋಡೋಕೆ ಲಾಕ್ ತೆಗೆಯೋ ಅವಶ್ಯಕತೆನೇ ಇಲ್ಲ, ಕೇಬಲ್ ಚುಚ್ಚಿದ್ರೆ ಲಾಕ್ ಸ್ಕ್ರೀನ್ ಮೇಲೇ ತೋರ್ಸುತ್ತೆ, ಸ್ವಿಚಾಫ್ ಆಗಿರೋ ಫೋನಾದ್ರೂ ಬ್ಯಾಟರಿ ಚಿತ್ರ ಬರುತ್ತೆ. ಹಂಗಿದ್ಮೇಲೆ ನಿಮ್ಮ ಫೋಟೋ, ವಾಟ್ಸಾಪ್, ದುಡ್ಡಿನ ಆಪ್ ಎಲ್ಲ ಇರೋ ಫೋನನ್ನ ಲಾಕ್ ತೆಗೆದು ಗುರುತಿಲ್ದೇ ಇರೋರ ಕೈಗೆ ಯಾಕೆ ಕೊಡ್ಬೇಕು.

ನಮ್ಮಕ್ಕ ಮಂಡ್ಯದಲ್ಲಿ ಮನೇಲೇ ಬ್ಲೌಸ್ ಹೊಲೀತಾಳೆ, ಆರಿ ವರ್ಕೂ ಮಾಡ್ತಾಳೆ. ಅವಳ ವ್ಯಾಪಾರವೆಲ್ಲ ಇರೋದು ಫೋನಲ್ಲೇ, ಯಾರು ಯಾವ ಡಿಸೈನ್ ಕೇಳಿದ್ರು, ಯಾರು ಎಷ್ಟು ಅಡ್ವಾನ್ಸ್ ಕೊಟ್ರು, ಕುತ್ತಿಗೆ ಎಷ್ಟು ಇಳೀಬೇಕು ಅಂತ ಕಳಿಸಿರೋ ವಾಯ್ಸ್ ಮೆಸೇಜು, ಹೊಲಿದು ಕೊಟ್ಟಿರೋ ಬ್ಲೌಸ್‌ಗಳ ಫೋಟೋ. ಮದುವೆ ಸೀಸನ್ ಜೋರಾಗಿದ್ದಾಗ್ಲೇ ಫೋನ್ ಕೈ ಕೊಡ್ತು. ಮೊದ್ಲು ಕೇಬಲ್‌ನ ಒಂದು ಕಡೆ ಓರೆ ಮಾಡಿ ಇಟ್ರೆ ಚಾರ್ಜ್ ಆಗ್ತಿತ್ತಂತೆ, ಆಮೇಲೆ ಅದೂ ನಿಂತೋಯ್ತು. ಭಾವ ಊರಲ್ಲಿರ್ಲಿಲ್ಲ, ನಾನು ಮೈಸೂರಲ್ಲಿ, ಅವಳೇ ಪೇಟೆ ಕಡೆ ಹೋಗಿ ಒಂದು ಅಂಗಡೀಲಿ ಕೊಟ್ಟಿದ್ದಾಳೆ.

ಆತ ಮೊದ್ಲು ಹೇಳಿದ್ದು "ಪಿನ್ ಹೋಗಿದೆ ಅಕ್ಕ, ಮುನ್ನೂರು ಆಗುತ್ತೆ" ಅಂತ, ಪಿನ್ ಅಂದ್ರೆ ಚಾರ್ಜರ್ ಚುಚ್ಚೋ ತೂತು. ಪ್ಯಾಟರ್ನ್ ಕೇಳಿದ್ದಾನೆ, ಇವಳು ಚೀಟಿ ಮೇಲೆ ಬರೆದು ಕೊಟ್ಟು ಬಂದಿದ್ದಾಳೆ. ಮಧ್ಯಾಹ್ನದ ಮೇಲೆ ಹೋದ್ರೆ ಫೋನ್ ಪೂರ್ತಿ ಬಿಚ್ಚಿ ಹರಡಿದ್ದಾನೆ, ಪಿನ್ ಅಲ್ಲ, ಕೆಳಗಿನ ಬೋರ್ಡೇ ಹೋಗಿದೆ, ಬ್ಯಾಟರೀನೂ ವೀಕಾಗಿದೆ, ಮೇಲೆ ಚಾರ್ಜಿಂಗ್ ಐಸಿ (ಚಾರ್ಜಿಂಗ್ ನೋಡ್ಕೊಳ್ಳೋ ಚಿಪ್ಪು) ಬೇರೆ ಶಾರ್ಟ್ ಇದೆ ಅಂತ. ಬಿಚ್ಚಿ ಹಾಕಿರೋ ಫೋನನ್ನ ಹಂಗೇ ವಾಪಸ್ ತಗೊಂಡು ಬರೋಕೆ ಯಾರಿಗಾಗುತ್ತೆ ಹೇಳಿ. ಕೊನೆಗೆ 2,800 ರೂಪಾಯಿ ಕೊಟ್ಟು ಸಂಜೆ ತಗೊಂಡು ಬಂದ್ಳು. ಬಿಲ್ ಕೇಳಿದ್ರೆ "ಇದಕ್ಕೆಲ್ಲ ಬಿಲ್ ಇರಲ್ಲಕ್ಕ", ತೆಗೆದ ಹಳೇ ಪಾರ್ಟ್ ಕೇಳಿದ್ರೆ "ಬಿಸಾಕ್ಬಿಟ್ವಿ".

ಮನೇಗೆ ಬಂದು ಆನ್ ಮಾಡಿದ್ರೆ ಅಂಗಡಿಯಿಂದ ಹೊಸದಾಗಿ ತಂದ ಫೋನ್ ಥರ ಭಾಷೆ ಆಯ್ಕೆ ಮಾಡಿ ಅಂತ ಬಂದಿದೆ, ಒಳಗೆ ಒಂದು ಫೋಟೋ ಇಲ್ಲ, ಒಂದು ನಂಬರ್ ಇಲ್ಲ, ವಾಟ್ಸಾಪ್ ಇಲ್ಲ. ಫೋನ್ ಮಾಡಿ ಕೇಳಿದ್ರೆ "ಚಾರ್ಜ್ ತಗೋತಿರ್ಲಿಲ್ಲ, ಸಾಫ್ಟ್‌ವೇರ್ ಹೊಡೀಬೇಕಾಯ್ತು" ಅಂದನಂತೆ, ಅಂದ್ರೆ ರೀಸೆಟ್ ಮಾಡಿ ಎಲ್ಲ ಅಳಿಸಿದ್ದಾನೆ. ಒಂದು ಮಾತು ಕೇಳದೆ. ಅವಳು ನನಗೆ ಫೋನ್ ಮಾಡಿದಾಗ ಅಳ್ತಿದ್ಳು, ನನಗೆ ಏನ್ ಹೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ.

ಡೇಟಾ ಹೋಗಿದ್ದು ಒಂದು ಕಡೆ, ನಮಗೆ ಅದಕ್ಕಿಂತ ಹೆಚ್ಚು ಸಂಕಟ ಆಗಿರೋದು ಇನ್ನೊಂದು ವಿಷಯಕ್ಕೆ. ಟ್ರಯಲ್ ನೋಡುವಾಗ ಹೆಣ್ಮಕ್ಕಳು ಅವಳಿಗೆ ಫೋಟೋ ಕಳಿಸ್ತಾರೆ, ಇಲ್ಲಿ ಟೈಟ್ ಆಗ್ತಿದೆ, ಬೆನ್ನ ಹತ್ರ ಹಿಂಗೆ ಎತ್ತುತ್ತೆ ಅಂತ, ಅವಳ ಮೇಲೆ ನಂಬಿಕೆ ಇಟ್ಟು. ಆ ಫೋನು ಲಾಕ್ ಇಲ್ದೇ ಅರ್ಧ ದಿನ ಅಂಗಡೀಲಿತ್ತು. ಅವ್ರು ಏನಾದ್ರೂ ಕಾಪಿ ಮಾಡ್ಕೊಂಡ್ರು ಅಂತ ನಾನು ಹೇಳ್ತಿಲ್ಲ, ಮಾಡಿಲ್ಲ ಅಂತ ತಿಳ್ಕೊಳ್ಳೋ ದಾರಿಯೂ ನಮಗಿಲ್ಲ, ಅದೇ ಕಷ್ಟ. ಆ ಕಸ್ಟಮರ್‌ಗಳಿಗೆ ಒಬ್ಬೊಬ್ರಿಗೂ ನಡೆದಿದ್ದು ಹೇಳಿದ್ದಾಳೆ, ಕೆಲವ್ರು ಅರ್ಥ ಮಾಡ್ಕೊಂಡ್ರು, ಕೆಲವ್ರು ಬಟ್ಟೆ ವಾಪಸ್ ತಗೊಂಡೋದ್ರು.

ಇದಾದ್ಮೇಲೆ ಫೋನ್ ಚಾರ್ಜ್ ಆಗ್ತಿತ್ತು, ಆದ್ರೆ ತುಂಬಾ ನಿಧಾನ. ಮೊದ್ಲು ಒಂದೂವರೆ ಗಂಟೇಲಿ ತುಂಬ್ತಿದ್ದ ಬ್ಯಾಟರಿ ರಾತ್ರಿಯೆಲ್ಲಾ ಹಾಕಿದ್ರೂ ಸಾಲ್ದು, ಫೋನು ಬಿಸಿ ಬೇರೆ. ಕೆಲವು ವಾರ ಕಳೀತು, ಹಿಂದಿನ ಮುಚ್ಚಳ ಒಂದು ಮೂಲೇಲಿ ಮೇಲಕ್ಕೆದ್ದಿದೆ ಅಂತ ಫೋಟೋ ಕಳಿಸಿದ್ಳು. ನೋಡಿದ ತಕ್ಷಣ ಗಾಬರಿ ಆಯ್ತು ನನಗೆ, ಬ್ಯಾಟರಿ ಊದ್ಕೊಂಡಿದೆ ಅಂತ ಗೊತ್ತಾಯ್ತು. ಸ್ವಿಚಾಫ್ ಮಾಡು, ಇನ್ಮೇಲೆ ಚಾರ್ಜಿಗೆ ಹಾಕ್ಬೇಡ, ಒತ್ತಿ ಮುಚ್ಚೋಕೆ ಹೋಗ್ಬೇಡ, ಮಕ್ಕಳ ಕೈಗೆ ಸಿಗದ ಹಂಗೆ ಹಾಸಿಗೆ ಬಟ್ಟೆ ಹತ್ರ ಇಲ್ದಂಗೆ ಇಡು ಅಂತ ಹೇಳಿ, ಮಾರನೇ ದಿನ ನಾನೇ ಹೋಗಿ ಫೋನ್ ತಗೊಂಡು ಮೈಸೂರಿಗೆ ಬಂದೆ. ಲಿಥಿಯಂ ಬ್ಯಾಟರಿ ಒಳಗೆ ಇರೋ ದ್ರಾವಣ ಕೆಟ್ಟು ಗ್ಯಾಸ್ ಆದಾಗ ಅದು ಹಿಂಗೆ ಊದುತ್ತೆ, ಅದಕ್ಕೆ ಏನಾದ್ರೂ ಚುಚ್ಚಿದ್ರೆ ಬೆಂಕಿ ಹತ್ಕೊಳ್ಬೋದು. ಕಸದ ಗಾಡಿಗೂ ಹಾಕ್ಬಾರ್ದು, ಸರ್ವಿಸ್ ಸೆಂಟರ್‌ಗೋ ಇ-ವೇಸ್ಟ್ ತಗೊಳ್ಳೋರಿಗೋ ಕೊಡ್ಬೇಕು.

ಸಯ್ಯಾಜಿರಾವ್ ರಸ್ತೆಯಿಂದ ಒಳಗೆ ಹೋಗೋ ಒಂದು ಗಲ್ಲೀಲಿ ಒಬ್ರು ಹಿರಿಯ ಮೆಕ್ಯಾನಿಕ್ ಇದ್ದಾರೆ, ಎದುರಿಗೇ ಕೂರಿಸ್ಕೊಂಡು ಬಿಚ್ತಾರೆ. ಅವ್ರು ಮುಚ್ಚಳ ತೆಗೆದು ಒಂದೊಂದೇ ತೋರಿಸಿದ್ರು. ಹಾಕಿರೋ ಬ್ಯಾಟರಿ ಮೇಲೆ ಕಂಪನಿ ಹೆಸರಿಲ್ಲ, ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತಿಲ್ಲ, ಒರಿಜಿನಲ್ 5000 ಎಂಎಎಚ್ ಇದ್ರೆ ಇದರ ಸ್ಟಿಕ್ಕರ್ ಮೇಲೆ 6000 ಅಂತ ಬರೆದಿದೆ, ಸೈಜ್ ಮಾತ್ರ ಅದಕ್ಕಿಂತ ಚಿಕ್ಕದು. ಕೆಳಗಿನ ಸಬ್‌ಬೋರ್ಡು, ಅಂದ್ರೆ ಚಾರ್ಜಿಂಗ್ ತೂತು ಇರೋ ಸಣ್ಣ ಬೋರ್ಡು, ಅದು ಕಾಪಿ, ಫಾಸ್ಟ್ ಚಾರ್ಜಿಂಗ್‌ಗೆ ಬೇಕಾದ ಪಾರ್ಟೇ ಅದ್ರಲ್ಲಿಲ್ಲ, ಅದಕ್ಕೇ ಅಷ್ಟು ನಿಧಾನ. ಸ್ಕ್ರೂ ಎರಡ್ಮೂರು ಕಾಣೆ. ಶಾರ್ಟ್ ಆಗಿದೆ ಅಂದಿದ್ದ ಐಸಿ ಮೇಲಿನ ಶೀಲ್ಡ್ (ತಗಡಿನ ಮುಚ್ಚಳ) ತೆಗೆದ ಗುರುತೇ ಇಲ್ಲ, ಕಂಪನೀಲಿ ಹೆಂಗಿತ್ತೋ ಹಂಗೇ ಇದೆ. ಅಂದ್ರೆ ಮುಟ್ಟದೇ ಇರೋ ಕೆಲಸಕ್ಕೂ ದುಡ್ಡು ತಗೊಂಡಿದ್ದಾರೆ.

ಹಳೇ ಬೋರ್ಡ್ ಕೊಟ್ಟಿಲ್ಲವಲ್ಲ, ಹಂಗಾಗಿ ಮೊದ್ಲು ಏನಾಗಿತ್ತು ಅಂತ ಖಡಾಖಂಡಿತವಾಗಿ ಹೇಳೋಕಾಗಲ್ಲ. ಆದ್ರೆ ಅಕ್ಕನ ಮಗಳ ಫೋನೂ ಅದೇ ಹೊಲಿಗೆ ಮಿಷಿನ್ ಟೇಬಲ್ ಮೇಲೇ ಬಿದ್ದಿರೋದು, ಅದೂ ಕೇಬಲ್ ಓರೆ ಮಾಡಿದ್ರೆ ಮಾತ್ರ ಚಾರ್ಜ್ ಆಗ್ತಿತ್ತು, ಅದನ್ನೂ ತಂದಿದ್ದೆ. ಆ ಮೆಕ್ಯಾನಿಕ್ ಚಾರ್ಜಿಂಗ್ ತೂತಿಗೆ ಟಾರ್ಚ್ ಬಿಟ್ಟು ನೋಡಿ, ಫೋನ್ ಆಫ್ ಮಾಡಿ, ಸಣ್ಣ ಪ್ಲಾಸ್ಟಿಕ್ ಕಡ್ಡೀಲಿ ನಿಧಾನಕ್ಕೆ ಕೆರೆದ್ರೆ ಒಳಗಿಂದ ಬಟ್ಟೆ ಜುಂಗು, ದಾರದ ಚೂರು ಒತ್ಕೊಂಡು ಒತ್ಕೊಂಡು ದೀಪದ ಬತ್ತಿ ಥರ ಗಟ್ಟಿಯಾಗಿದ್ದು ಆಚೆ ಬಂತು. ಆಮೇಲೆ ಕೇಬಲ್ ಟಕ್ ಅಂತ ಪೂರ್ತಿ ಒಳಗೆ ಕೂತ್ಕೊಳ್ತು, ಚಾರ್ಜ್ ಶುರು. ಅದಕ್ಕೆ ಅವ್ರು ದುಡ್ಡೂ ತಗೊಳ್ಲಿಲ್ಲ.

ಟೈಪ್-ಸಿ ತೂತಿನ ಮಧ್ಯದಲ್ಲಿ ಒಂದು ತೆಳ್ಳಗಿನ ನಾಲಿಗೆ ಇರುತ್ತೆ ನೋಡಿ, ಅದರ ಎರಡೂ ಕಡೆ ಸೇರಿ 24ರವರೆಗೆ ಕಾಂಟ್ಯಾಕ್ಟ್ (ಕರೆಂಟ್ ಹಾಯೋ ಸಣ್ಣ ಪಿನ್) ಇರುತ್ತೆ. ಜೇಬಿನ ಧೂಳು ಜುಂಗು ತೂತಿನ ತಳದಲ್ಲಿ ಸೇರ್ಕೊಂಡ್ರೆ ನಾವು ಪ್ರತಿ ಸಲ ಕೇಬಲ್ ಚುಚ್ಚಿದಾಗ ಅದನ್ನ ಇನ್ನೂ ಒಳಕ್ಕೆ ಒತ್ತುತೀವಿ, ಕೊನೆಗೆ ಪಿನ್ ಪಿನ್ನಿಗೆ ತಾಗೋದೇ ಇಲ್ಲ. ಕೇಬಲ್ ಪೂರ್ತಿ ಒಳಗೆ ಹೋಗ್ತಿಲ್ಲ, ಸ್ವಲ್ಪ ಆಚೆ ಕಾಣುತ್ತೆ, ಮುಟ್ಟಿದ್ರೆ ಜಾರುತ್ತೆ ಅಂದ್ರೆ ಮೊದ್ಲು ಅದನ್ನೇ ಅನುಮಾನ ಪಡಿ. ಮನೇಲಿ ಮಾಡ್ಕೊಳ್ಳೋದಾದ್ರೆ ಫೋನ್ ಆಫ್ ಮಾಡಿ, ಮರದ್ದೋ ಪ್ಲಾಸ್ಟಿಕ್‌ದೋ ಕಡ್ಡಿ ತಗೊಳ್ಳಿ, ಗುಂಡುಪಿನ್ನು ಸೂಜಿ ಹೇರ್‌ಪಿನ್ ಖಂಡಿತಾ ಬೇಡ, ಆ ನಾಲಿಗೆ ಮುರಿದ್ರೆ ಇಲ್ಲಾ ಪಿನ್ ಒಂದಕ್ಕೊಂದು ತಾಗಿದ್ರೆ ಆವಾಗ ನಿಜವಾಗ್ಲೂ ಬೋರ್ಡ್ ಖರ್ಚು ಬರುತ್ತೆ. ಬಾಯಲ್ಲಿ ಊದ್ಬೇಡಿ, ಉಸಿರಿನ ತೇವ ಒಳಗೆ ಹೋಗುತ್ತೆ.

ಆ ಹಿರಿಯರು ಹೇಳಿದ ಇನ್ನೊಂದು ಮಾತು ನನಗೆ ತುಂಬಾ ಸರಿ ಅನ್ಸ್ತು, ಕರೆಂಟ್ ಬರೋ ದಾರೀಲೇ ಹುಡುಕ್ಕೊಂಡು ಬನ್ನಿ ಅಂದ್ರು. ಗೋಡೆ ಸಾಕೆಟ್ಟು, ಅಡಾಪ್ಟರು, ಕೇಬಲ್ಲು, ಆಮೇಲೆ ಫೋನಿನ ತೂತು, ಅದರ ಹಿಂದೆ ಸಬ್‌ಬೋರ್ಡು, ಅಲ್ಲಿಂದ ಮೇಲಕ್ಕೆ ಹೋಗೋ ಪಟ್ಟಿ ವೈರು (ಸ್ಟ್ರಿಪ್ಪು), ಕೊನೆಗೆ ಮೇನ್‌ ಬೋರ್ಡಲ್ಲಿರೋ ಐಸಿ, ಬ್ಯಾಟರಿ. ಮೊದಲಿನ ನಾಲ್ಕನ್ನ ಫೋನ್ ಬಿಚ್ಚದೇ ನೋಡ್ಬೋದು, ಪಕ್ಕದ ಮನೆಯವ್ರ ಚಾರ್ಜರ್ ಕೇಬಲ್ ಹಾಕಿ ನೋಡಿದ್ರೆ ಅರ್ಧ ಗೊತ್ತಾಗ್ಬಿಡುತ್ತೆ. ಅದನ್ನೆಲ್ಲ ನೋಡದೆ ನೇರವಾಗಿ ಐಸಿ ಅನ್ನೋರ ಹತ್ರ ಫೋನ್ ಕೊಡಬೇಡಿ. ಪೂರ್ತಿ ಖಾಲಿಯಾಗಿ ಸತ್ತೋಗಿರೋ ಫೋನ್ ಚಾರ್ಜಿಗೆ ಹಾಕಿದ ಕೂಡ್ಲೇ ಕೆಲವೊಮ್ಮೆ ಏನೂ ತೋರ್ಸಲ್ಲ, ಒಂದರ್ಧ ಗಂಟೆ ಬಿಟ್ಟು ನೋಡಿ. ಮಳೇಲಿ ನೆಂದು ನೀರಿನ ಹನಿ ಗುರುತು ಬಂದ್ರೆ ಅದು ಕೆಟ್ಟಿರೋದಲ್ಲ, ತೇವ ಇದೆ ಅಂತ ಫೋನೇ ಚಾರ್ಜ್ ನಿಲ್ಸಿರೋದು, ಗಾಳಿಗೆ ಒಣಗೋಕೆ ಬಿಡಿ, ಅಕ್ಕಿ ಡಬ್ಬೀಲಿ ಹೂತಿಡೋದು ಬೇಡ, ಅಕ್ಕಿ ಪುಡಿ ತೂತಿಗೆ ಹೋಗುತ್ತೆ, ಆಪಲ್‌ನವ್ರೇ ಹಂಗೆ ಮಾಡ್ಬೇಡಿ ಅಂತ ಹೇಳಿದ್ದಾರೆ. ಬೇಸಿಗೇಲಿ ಬೈಕಿನ ಹೋಲ್ಡರ್‌ನಲ್ಲಿ ಬಿಸಿಲಿಗೆ ಕಾದಿರೋ ಫೋನೂ ಚಾರ್ಜ್ ತಗೊಳ್ಳಲ್ಲ, ಈ ಬ್ಯಾಟರಿಗಳಿಗೆ ಸಾಮಾನ್ಯವಾಗಿ 45 ಡಿಗ್ರಿ ಮೇಲೆ ಚಾರ್ಜ್ ಮಾಡ್ಬಾರ್ದು, ತಣ್ಣಗಾದ್ರೆ ತಾನೇ ಸರಿ ಹೋಗುತ್ತೆ. 80 ಪರ್ಸೆಂಟ್‌ಗೆ ನಿಲ್ಲುತ್ತೆ ಅನ್ನೋರು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಆನ್ ಇದ್ಯಾ ನೋಡ್ಕೊಳ್ಳಿ.

"ಸಾಫ್ಟ್‌ವೇರ್ ಹೊಡೀಬೇಕು" ಅನ್ನೋ ಮಾತಿಗೆ ವಿಶೇಷವಾಗಿ ಹುಷಾರು. ಫೋನ್ ಸ್ವಿಚಾಫ್ ಮಾಡಿ ಚಾರ್ಜಿಗೆ ಹಾಕಿ, ಆಗ್ಲೂ ತಗೊಳ್ತಿಲ್ಲ ಅಂದ್ರೆ ತೊಂದರೆ ಇರೋದು ಕೇಬಲ್ಲು, ತೂತು, ಬೋರ್ಡು, ಬ್ಯಾಟರಿ ಇಂಥ ಕಡೆ, ರೀಸೆಟ್ ಮಾಡಿದ್ರೆ ಅದು ಹೆಂಗೆ ಸರಿ ಹೋಗುತ್ತೆ. ಇನ್ನೊಂದು, ರೀಸೆಟ್ ಆದ್ಮೇಲೆ "ಡೇಟಾ ರಿಕವರಿ ಮಾಡಿ ಕೊಡ್ತೀವಿ" ಅಂತ ಮತ್ತೆ ದುಡ್ಡು ಕೇಳೋರಿದ್ದಾರೆ, ಅಕ್ಕನಿಗೂ ಕೇಳಿದ್ರು. ಆಂಡ್ರಾಯ್ಡ್ 10ರ ಜೊತೆಗೇ ಬಂದ ಫೋನು, ಆಮೇಲೆ ಬಂದ ಹೊಸ ಫೋನು ಎಲ್ಲದ್ರಲ್ಲೂ ಒಳಗಿರೋ ಡೇಟಾ ಎನ್‌ಕ್ರಿಪ್ಟ್ ಆಗೇ (ಕೀಲಿ ಇಲ್ದೇ ಓದೋಕಾಗದ ಹಂಗೆ) ಇರುತ್ತೆ, ರೀಸೆಟ್ ಮಾಡಿದಾಗ ಅದನ್ನ ತೆರೆಯೋ ಕೀಲಿಯೇ ಅಳಿಸಿ ಹೋಗುತ್ತೆ, ಬೀದಿ ಅಂಗಡಿಯ ಯಾವ ಸಾಫ್ಟ್‌ವೇರೂ ಅದನ್ನ ವಾಪಸ್ ತರಲ್ಲ. ಗೂಗಲ್ ಡ್ರೈವ್‌ಗೆ ವಾಟ್ಸಾಪ್ ಬ್ಯಾಕಪ್, ಗೂಗಲ್ ಫೋಟೋಸ್ ಇದ್ರೆ ಮಾತ್ರ ಉಳಿಯುತ್ತೆ. ಇವತ್ತೇ ಮನೆಯವ್ರೆಲ್ಲರ ಫೋನಲ್ಲೂ ಅದು ಆನ್ ಇದ್ಯಾ ನೋಡಿ. ಚಾರ್ಜಿಂಗ್ ಆಟ ಆಡಿಸೋಕೆ ಶುರುವಾದ ದಿನವೇ, ಇನ್ನೂ ಬ್ಯಾಟರಿ ಇರೋವಾಗ್ಲೇ ಮಾಡ್ಕೊಳ್ಳಿ, ಸತ್ತೋದ್ಮೇಲೆ ಮಾಡೋಕಾಗಲ್ಲ.

ರಿಪೇರಿಗೆ ಕೊಡ್ಲೇಬೇಕು ಅಂದ್ರೆ ಸಿಮ್, ಮೆಮೊರಿ ಕಾರ್ಡ್ ತೆಗೆದಿಟ್ಕೊಳ್ಳಿ, *#06# ಒತ್ತಿ ಐಎಂಇಐ ನಂಬರ್ (ಫೋನಿನ ಗುರುತಿನ ನಂಬರ್) ಬರ್ಕೊಳ್ಳಿ. ಸ್ಯಾಮ್‌ಸಂಗ್‌ನ ಈಚಿನ ಫೋನ್‌ಗಳಲ್ಲಿ ಮೇಂಟೆನೆನ್ಸ್ ಮೋಡ್ ಅಂತಿದೆ, ಗೂಗಲ್‌ನ ಪಿಕ್ಸೆಲ್ ಫೋನಲ್ಲಿ ರಿಪೇರ್ ಮೋಡ್ ಅಂತಿದೆ, ಆನ್ ಮಾಡಿ ಕೊಟ್ರೆ ಮೆಕ್ಯಾನಿಕ್ ಫೋನ್ ಟೆಸ್ಟ್ ಮಾಡ್ಬೋದು, ನಿಮ್ಮ ಫೋಟೋ ಮೆಸೇಜು ಅವ್ರಿಗೆ ಕಾಣಲ್ಲ. ಬಿಚ್ಚೋ ಮುಂಚೆ ರೇಟ್ ಬರೆಸ್ಕೊಳ್ಳಿ, ಹಳೇ ಪಾರ್ಟ್ ವಾಪಸ್ ಬೇಕು ಅಂತ ಮೊದಲೇ ಹೇಳಿ. ಬ್ಯಾಟರಿ ಬದಲಾಯಿಸಿದ್ರೆ ಅದರ ಮೇಲೆ ಐಎಸ್ 16046 (ಬ್ಯಾಟರಿ ಸುರಕ್ಷತೆಯ ಬಿಐಎಸ್ ಮಾನದಂಡ) ಮತ್ತೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರ್ಬೇಕು, ಬಿಐಎಸ್ ಕೇರ್ ಆಪ್‌ನಲ್ಲಿ ಆ ನಂಬರ್ ಹಾಕಿದ್ರೆ ಯಾವ ಕಂಪನೀದು ಅಂತ ಬರುತ್ತೆ, ಹಾಕೋ ಮುಂಚೆನೇ ನೋಡ್ಕೊಳ್ಳಿ.

ಬಿಲ್ ಇರಲ್ಲ ಅನ್ನೋದನ್ನ ಒಪ್ಕೊಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಸೇವೆ ಕೊಟ್ಟು ಬಿಲ್ ಕೊಡದೇ ಇರೋದು ತಪ್ಪು ವ್ಯಾಪಾರ ಪದ್ಧತಿ. 1915ಕ್ಕೆ ಫೋನ್ ಮಾಡಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ದೂರು ಬರೆಸ್ಬೋದು. ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ನೀವು ವಾಸ ಇರೋ ಜಿಲ್ಲೇಲೇ ಹಾಕ್ಬೋದು, ಕೊಟ್ಟಿರೋ ದುಡ್ಡು 5 ಲಕ್ಷದ ಒಳಗಿದ್ರೆ ಫೀಸಿಲ್ಲ, ಘಟನೆ ಆಗಿ 2 ವರ್ಷದ ಒಳಗೆ ಹಾಕ್ಬೇಕು. ನಮ್ಮ ಹತ್ರ ಬಿಲ್ ಇಲ್ದಿದ್ರೂ ಅಕ್ಕ ದುಡ್ಡು ಕೊಟ್ಟಿದ್ದು ಯುಪಿಐನಲ್ಲಿ, ಅದರ ಸ್ಟೇಟ್‌ಮೆಂಟ್ ತೆಗೆದಿದ್ದೀವಿ. ಊದಿದ ಬ್ಯಾಟರಿ, ಕಾಪಿ ಬೋರ್ಡ್ ಎರಡರದ್ದೂ ಫೋಟೋ ತೆಗೆದು, ಮೈಸೂರಿನ ಮೆಕ್ಯಾನಿಕ್ ಹತ್ರ ಏನೇನು ಸಿಕ್ತು ಅಂತ ಬಿಲ್ ಮೇಲೇ ಬರೆಸ್ಕೊಂಡು ಸಹಾಯವಾಣಿಗೆ ದೂರು ಕೊಟ್ಟಾಗಿದೆ. ಅಂಗಡಿಯವ್ರು ಏನ್ ಉತ್ತರ ಕೊಡ್ತಾರೆ ನೋಡ್ಕೊಂಡು, ಸರಿ ಇಲ್ಲ ಅಂದ್ರೆ ಮಂಡ್ಯದ ಆಯೋಗಕ್ಕೇ ಹೋಗೋದು ಅಂತ ಅಕ್ಕ ಭಾವ ಇಬ್ರೂ ತೀರ್ಮಾನ ಮಾಡಿದ್ದಾರೆ, ಕಾಗದ ಪತ್ರ ಎಲ್ಲ ನಾನು ಜೋಡಿಸ್ತಿದ್ದೀನಿ.