ವೀರ್ಯಾಣು ಕೌಂಟ್ ಜಾಸ್ತಿ ಮಾಡ್ತೀವಿ ಅಂತ ಇಂಜೆಕ್ಷನ್ ಕೊಡುವವರ ಹತ್ತಿರ ದಯವಿಟ್ಟು ಹೋಗಬೇಡಿ

ಇದನ್ನು ಬರೆಯೋಕೆ ಎರಡು ತಿಂಗಳು ಹಿಂದೆ ಮುಂದೆ ನೋಡಿದೆ. ನಾಚಿಕೆ. ಈಗಲೂ ಇದೆ. ಆದರೆ ಮೊನ್ನೆ ನಮ್ಮೂರ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಅದೇ ಪೋಸ್ಟರ್ ಹೊಸದಾಗಿ ಅಂಟಿಸಿದ್ದು ನೋಡಿ ಹೊಟ್ಟೆ ಉರಿದುಹೋಯಿತು. "ಮಕ್ಕಳಿಲ್ಲವೇ? ಗಂಡಸರ ಕೌಂಟ್ ಸಮಸ್ಯೆಗೆ 90 ದಿನದಲ್ಲಿ ಗ್ಯಾರಂಟಿ." ಇನ್ನೊಬ್ಬ ಆ ಮೆಟ್ಟಿಲು ಹತ್ತಬಾರದು.

ಮದುವೆಯಾಗಿ ಐದು ವರ್ಷ. ಮೊದಲ ಮೂರು ವರ್ಷ ಪರೀಕ್ಷೆಯೆಲ್ಲ ಹೆಂಡತಿಗೇ. ಸ್ಕ್ಯಾನಿಂಗ್, ರಕ್ತ, ಟ್ಯೂಬ್ ಟೆಸ್ಟ್. ಅಮ್ಮ ಅವಳನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ ಹರಕೆ ಹೊರಿಸಿದರು. ನಾನು ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು. ಕೊನೆಗೆ ನನ್ನ ವೀರ್ಯ ಪರೀಕ್ಷೆ ಮಾಡಿಸಿದರೆ ಒಂದು ಎಂಎಲ್‌ಗೆ 90 ಲಕ್ಷ ಬಂತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಕೆಳಗಿನ ಮಿತಿ 1 ಕೋಟಿ 60 ಲಕ್ಷ. ಕಡಿಮೆ, ಆದರೆ ಸೊನ್ನೆ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಗೊತ್ತಿರೋ ಡಾಕ್ಟರ್ ಹತ್ತಿರ ಹೋಗೋಕೆ ಮುಖ ಇರಲಿಲ್ಲ. ಅದಕ್ಕೇ ಪೋಸ್ಟರ್ ನಂಬರಿಗೆ ಫೋನ್ ಮಾಡಿದೆ. ನೋಂದಣಿಗೆ 1,500, ಆಮೇಲೆ ತಿಂಗಳಿಗೆ 15,000. ಅಲ್ಲಿ ಕೂತಿದ್ದವನು ನಾಡಿ ಹಿಡಿದ, ನಾಲಿಗೆ ನೋಡಿದ, ರಿಪೋರ್ಟ್ ಮಡಚಿ ಪಕ್ಕಕ್ಕಿಟ್ಟ. ಬಟ್ಟೆ ಸರಿಸಿ ಪರೀಕ್ಷೆ ಮಾಡಲೇ ಇಲ್ಲ. ನನಗೂ ಅದೇ ಬೇಕಿತ್ತು, ಮುಜುಗರ ತಪ್ಪಿತಲ್ಲ ಅಂತ. ಒಂದು ಡಬ್ಬಿ ಪುಡಿ, ಪೇಪರಲ್ಲಿ ಸುತ್ತಿದ ಎರಡು ಸಣ್ಣ ಬಾಟಲಿ. "ಹದಿನೈದು ದಿನಕ್ಕೊಂದು, ಯಾರ ಹತ್ತಿರ ಬೇಕಾದರೂ ಚುಚ್ಚಿಸಿಕೊಳ್ಳಿ. ಶಕ್ತಿಗೆ." ಬಾಟಲಿ ಮೇಲಿನ ಹೆಸರನ್ನು ಕೆರೆದಿದ್ದರು. ಒಳಗೆ ಎಣ್ಣೆಯ ಹಾಗೆ ಮಂದ. ನಮ್ಮ ಬೀದಿಯ ಕಾಂಪೌಂಡರ್ "ಏನಣ್ಣಾ ಇದು, ಹೆಸರೇ ಇಲ್ವಲ್ಲ?" ಅಂದ. ವಿಟಮಿನ್ ಅಂತ ಸುಳ್ಳು ಹೇಳಿದೆ.

ಮೋಸ ಎಲ್ಲಿದೆ ಗೊತ್ತಾ? ಇಂಜೆಕ್ಷನ್ ತಗೊಂಡ ಮೇಲೆ ಮೈ ಹುಮ್ಮಸ್ಸಾಯಿತು. ಸುಸ್ತು ಹೋಯಿತು, ಆಸೆ ಜಾಸ್ತಿಯಾಯಿತು. ಕೆಲಸ ಮಾಡ್ತಿದೆ ಅಂತ ಪೂರ್ತಿ ನಂಬಿಬಿಟ್ಟೆ.

ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಿದೆ. 10 ಲಕ್ಷ. ಗಾಬರಿಯಾಗಿ ಓಡಿದೆ. ಅವನು ನಕ್ಕು ಹೇಳಿದ್ದು ಇದು: "ಒಳ್ಳೆ ಲಕ್ಷಣ ಸಾರ್. ಹಳೇದೆಲ್ಲ ಖಾಲಿಯಾಗ್ತಿದೆ, ಆಮೇಲೆ ಹೊಸದು ತುಂಬುತ್ತೆ." ನಾನು ಒಪ್ಪಿಕೊಂಡೆ! ಡಿಗ್ರಿ ಮಾಡಿದವನು, ದಿನಾ ಲೆಕ್ಕ ಬರೆಯೋನು, ಒಪ್ಪಿಕೊಂಡು ಇನ್ನೂ 15,000 ಕೊಟ್ಟು ಬಂದೆ. ರಾತ್ರಿ ಮಲಗಿದರೆ ಈಗಲೂ ಅದೇ ಮಾತು ಕಿವಿಯಲ್ಲಿ ಕೇಳುತ್ತದೆ. ಹಳೇದೆಲ್ಲ ಖಾಲಿಯಾಗ್ತಿದೆ ಅಂತೆ.

ನಾಲ್ಕನೇ ತಿಂಗಳು ಸೊನ್ನೆ. ಒಂದೂ ಇಲ್ಲ.

ಆವತ್ತು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಉಳಿದಿದ್ದ ಕೊನೆಯ ಬಾಟಲಿಯನ್ನು ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಕೆರೆದದ್ದು ಪೂರ್ತಿ ಹೋಗಿರಲಿಲ್ಲ. 'ಟೆಸ್ಟೋ' ಅನ್ನೋವರೆಗೆ ಕಾಣಿಸುತ್ತಿತ್ತು.

ಬೆಂಗಳೂರಿನ ಯೂರಾಲಜಿಸ್ಟ್ (ಮೂತ್ರಾಂಗ, ಗಂಡಸರ ಜನನಾಂಗದ ತಜ್ಞ ಡಾಕ್ಟರ್) ಹತ್ತಿರ ಹೋದಾಗ ಅವರು ಬಾಟಲಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: ಅದು ಟೆಸ್ಟೋಸ್ಟೆರಾನ್, ಅಂದರೆ ಗಂಡಸರ ಹಾರ್ಮೋನ್. ಹೊರಗಿನಿಂದ ಅದನ್ನು ಕೊಟ್ಟರೆ, ಸಾಕಷ್ಟು ಇದೆ ಅಂದುಕೊಂಡು ಮೆದುಳು ವೃಷಣಕ್ಕೆ ಹಾರ್ಮೋನ್ ಕಳಿಸೋದನ್ನೇ ನಿಲ್ಲಿಸುತ್ತದೆ. ವೀರ್ಯಾಣು ತಯಾರಾಗೋದು ನಿಂತುಹೋಗುತ್ತದೆ. ಮಗು ಬೇಕು ಅನ್ನುವವರಿಗೆ ಕೊಡಲೇಬಾರದ ಔಷಧಿಯನ್ನೇ ನನಗೆ ಕೊಟ್ಟಿದ್ದಾರೆ. ನಿಲ್ಲಿಸಿದರೆ ಹೆಚ್ಚಿನವರಿಗೆ ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕಿಂತ ಜಾಸ್ತಿ. ಒಂದು ವೀರ್ಯಾಣು ತಯಾರಾಗೋಕೇ ಸುಮಾರು 74 ದಿನ ಬೇಕಂತೆ. ಅವರು ನನ್ನನ್ನು ಎದ್ದು ನಿಂತುಕೊಳ್ಳೋಕೆ ಹೇಳಿ ಪರೀಕ್ಷೆ ಮಾಡಿದಾಗ ಇನ್ನೊಂದು ಸಿಕ್ಕಿತು. ಎಡಗಡೆ ವೇರಿಕೋಸೀಲ್, ಅಂದರೆ ವೃಷಣದ ರಕ್ತನಾಳ ಊದಿಕೊಂಡಿದೆ. ಮೊದಲ ದಿನವೇ ಎರಡು ನಿಮಿಷದಲ್ಲಿ ಗೊತ್ತಾಗಬಹುದಿತ್ತು.

ದುಡ್ಡು ವಾಪಸ್ ಕೇಳಿದೆ. ಒಟ್ಟು 61,500. ಉತ್ತರ: "ನೀವು ಪಥ್ಯ ಮಾಡಿಲ್ಲ. ಟೀ ಕುಡಿದಿದ್ದೀರಿ." ಕಂಪ್ಲೇಂಟ್ ಕೊಡ್ತೀನಿ ಅಂದೆ. "ಕೊಡಿ ಸಾರ್. ಸ್ಟೇಷನ್‌ನಲ್ಲಿ ಎಲ್ಲರ ಮುಂದೆ ಏನಂತ ಬರೆಸ್ತೀರಿ?" ಅವರ ಬಂಡವಾಳವೇ ನಮ್ಮ ನಾಚಿಕೆ. ಬರೆಸಿದೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೂ ಕೊಟ್ಟಿದ್ದೇನೆ. ಇನ್ನೂ ಏನೂ ಆಗಿಲ್ಲ, ನಾನು ಬಿಡುವುದಿಲ್ಲ.

ಗೋಡೆ ಮೇಲೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇಲ್ಲದಿದ್ದರೆ ಬಾಗಿಲಿಂದಲೇ ವಾಪಸ್ ಬನ್ನಿ. ಗ್ಯಾರಂಟಿ ಅನ್ನುವವನು ಡಾಕ್ಟರೇ ಅಲ್ಲ. ಒಂದೇ ರಿಪೋರ್ಟ್ ನೋಡಿ ಹೆದರಬೇಡಿ, 2ರಿಂದ 7 ದಿನ ವೀರ್ಯ ಹೊರಹೋಗದ ಹಾಗೆ ಇದ್ದು ಮಾದರಿ ಕೊಡಿ, ಕೆಲವು ವಾರ ಕಳೆದು ಇನ್ನೊಮ್ಮೆ ಮಾಡಿಸಿ. ಹೆಂಡತಿಯ ಜೊತೆಗೇ ನೀವೂ ಮೊದಲ ದಿನವೇ ಪರೀಕ್ಷೆ ಮಾಡಿಸಿಕೊಳ್ಳಿ.

ಇಂಜೆಕ್ಷನ್ ನಿಲ್ಲಿಸಿ ಐದು ತಿಂಗಳಾಯಿತು. ಹೋದ ವಾರದ ರಿಪೋರ್ಟ್‌ನಲ್ಲಿ 30 ಲಕ್ಷ ಇದೆ. ಶುರು ಮಾಡಿದ ಜಾಗಕ್ಕೆ ಇನ್ನೂ ಬಂದಿಲ್ಲ. ನಿಮ್ಮ ಹತ್ತಿರ ಹೆಸರು ಕೆರೆದ ಅಂಥ ಬಾಟಲಿ ಇದ್ದರೆ ಚುಚ್ಚಿಸಿಕೊಳ್ಳಬೇಡಿ, ಎಸೆಯಲೂ ಬೇಡಿ. ಇವತ್ತೇ ಯೂರಾಲಜಿಸ್ಟ್ ಹತ್ತಿರ ತಗೊಂಡು ಹೋಗಿ ತೋರಿಸಿ.