ಲಿಮಿಟರ್ ಒತ್ತುವ ಮೊದಲು ಮೋನೋ ಬಟನ್ ಒತ್ತಿ

ಸಣ್ಣ ರೂಮಿನಲ್ಲಿ ಕೂತು ಬೇಸ್ ಮ್ಯೂಸಿಕ್ ಮಾಡಿ, ತಾವೇ ಮಿಕ್ಸ್ ಮಾಡಿ, ತಾವೇ ಮಾಸ್ಟರ್ (ಮಿಕ್ಸ್ ಆದ ಹಾಡಿಗೆ ಕೊನೆಯ ಹದ) ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ತಿಂಗಳು ಕೂತು ಮಾಡಿದ ನನ್ನ ಟ್ರ್ಯಾಕ್ ಒಂದು ರಾತ್ರಿ ದೊಡ್ಡ ಸೌಂಡ್ ಸಿಸ್ಟಮ್ ಮೇಲೆ ಪೂರ್ತಿ ಮಕಾಡೆ ಮಲಗಿತು. ಯಾಕೆ ಅಂತ ಕಂಡುಹಿಡಿಯಲು ಮೂರು ವಾರ ಹಿಡಿಯಿತು. ಆ ಮೂರು ವಾರ ನಿಮಗಾದರೂ ಉಳಿಯಲಿ.

ಅದು 140 ಬಿಪಿಎಂನ ಡಬ್‌ಸ್ಟೆಪ್ ಟ್ರ್ಯಾಕ್. ಗೆಳೆಯನೊಬ್ಬ ತನ್ನ ಸೆಟ್ ಮಧ್ಯೆ ಹಾಕಿದ. ನಾನು ಹಿಂದುಗಡೆ ನಿಂತಿದ್ದೆ. ಬಿಲ್ಡಪ್ ಚೆನ್ನಾಗಿಯೇ ಹೋಯಿತು, ಜನ ಕೈ ಮೇಲೆತ್ತಿದ್ದರು. ಡ್ರಾಪ್ ಬಂತು, ಅಂದರೆ ಬೇಸ್ ಮತ್ತು ಡ್ರಮ್ ಪೂರ್ತಿ ಬಂದು ಬೀಳುವ ಜಾಗ. ಎದೆಗೆ ಗುದ್ದಬೇಕಿದ್ದ ಕಿಕ್ ಡ್ರಮ್ ಹತ್ತಿ ಮೂಟೆಗೆ ಹೊಡೆದ ಹಾಗೆ ಧುಪ್ ಅಂದಿತು. ಎರಡು ವಾರ ಕೂತು ಕೆತ್ತಿದ ಆ ಗುರುಗುಟ್ಟುವ ಬೇಸ್ ಕೇಳಿಸಲೇ ಇಲ್ಲ. ಒಂದೇ ಸಮನೆ ಊಂ ಅನ್ನುವ ಸಬ್ (ಎಲ್ಲಕ್ಕಿಂತ ತಳದ ಬೇಸ್) ಮಾತ್ರ. ಸ್ನೇರ್ ಡ್ರಮ್ ಬಿದ್ದಾಗಲೆಲ್ಲ ಅದೂ ಒಳಗೆ ಸೇದಿಕೊಂಡು ಮತ್ತೆ ಉಬ್ಬುತ್ತಿತ್ತು. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಗೆಳೆಯ ಅರ್ಧಕ್ಕೇ ಮುಂದಿನ ಟ್ರ್ಯಾಕ್‌ಗೆ ಹೋದ. ಅವನದೇನೂ ತಪ್ಪಿಲ್ಲ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ನನಗೆ ನಂಬಿಕೆಯೇ ಆಗಲಿಲ್ಲ. ಯಾಕೆಂದರೆ ಮೀಟರ್ ಪ್ರಕಾರ ಆ ಡ್ರಾಪ್ -4.3 ಎಲ್‌ಯುಎಫ್‌ಎಸ್ ಇತ್ತು. ಹಾಡು ಎಷ್ಟು ಜೋರು ಅನ್ನುವ ಅಳತೆ ಅದು, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ನಮ್ಮ ಶೈಲಿಯಲ್ಲಿ ಡ್ರಾಪ್‌ಗಳು -6, -5ರ ಹತ್ತಿರ ಇರುವುದು ಮಾಮೂಲು. ನನ್ನದು ಅದಕ್ಕಿಂತಲೂ ಜೋರು. ಸಂಖ್ಯೆ ನೋಡಿದರೆ ಆ ರಾತ್ರಿ ಬಂದ ಟ್ರ್ಯಾಕ್‌ಗಳಲ್ಲೆಲ್ಲ ನನ್ನದೇ ಮುಂದಿರಬೇಕಿತ್ತು.

ಮನೆಗೆ ಬಂದು ಪ್ರಾಜೆಕ್ಟ್ ತೆರೆದೆ. ಮಾಸ್ಟರ್ ಮೇಲಿನ ಲಿಮಿಟರ್ (ಸೌಂಡಿನ ಪೀಕ್ ಒಂದು ಮಿತಿ ದಾಟದ ಹಾಗೆ ತಗ್ಗಿಸುವ ಸಾಧನ) ಡ್ರಾಪ್‌ನಲ್ಲಿ 8 ಡೆಸಿಬಲ್ ಇಳಿಸುತ್ತಿತ್ತು. ಒಂದೊಂದೇ ಚಾನೆಲ್ ಮ್ಯೂಟ್ ಮಾಡುತ್ತಾ ಹೋದೆ. ಲೀಡ್ ತೆಗೆದೆ, 8. ಹ್ಯಾಟ್‌ಗಳನ್ನು ತೆಗೆದೆ, 8. ಗುರುಗುಟ್ಟುವ ಬೇಸ್ ತೆಗೆದೆ, 7. ಸಬ್ ತೆಗೆದೆ. ಸೂಜಿ 2ಕ್ಕೆ ಬಂದು ಕೂತಿತು. ಅಷ್ಟೂ ಹೆಡ್‌ರೂಮ್, ಅಂದರೆ ಮಿತಿ ಮುಟ್ಟುವವರೆಗಿನ ಜಾಗ, ತಿನ್ನುತ್ತಿದ್ದದ್ದು ಅದೊಂದೇ ಚಾನೆಲ್.

ಇಲ್ಲಿ ಮೀಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು. ಎಲ್‌ಯುಎಫ್‌ಎಸ್ ಅಳೆಯುವ ವಿಧಾನ 2006ರಲ್ಲಿ ಬಂದ ಐಟಿಯು (ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಬಿಎಸ್.1770 ಅನ್ನುವ ಮಾನದಂಡದ್ದು. ಅದು ಅಳೆಯುವ ಮೊದಲು ಸೌಂಡನ್ನು ಒಂದು ಫಿಲ್ಟರ್ ಮೂಲಕ ಹಾಯಿಸುತ್ತದೆ. ಮೇಲಿನ ಫ್ರೀಕ್ವೆನ್ಸಿಗಳನ್ನು ಸುಮಾರು 4 ಡೆಸಿಬಲ್ ಎತ್ತುತ್ತದೆ, ತಳದವನ್ನು ಇಳಿಸುತ್ತದೆ. 49 ಹರ್ಟ್ಜ್ ಹತ್ತಿರ ಹೆಚ್ಚುಕಮ್ಮಿ 4 ಡೆಸಿಬಲ್ ಕಡಿಮೆಯಾಗಿಯೇ ಲೆಕ್ಕಕ್ಕೆ ಸಿಗುತ್ತದೆ. ಅಂದರೆ ಸಬ್ ಎತ್ತಿದರೆ ಪೀಕ್ ಏರುತ್ತದೆ, ಹೆಡ್‌ರೂಮ್ ಖಾಲಿಯಾಗುತ್ತದೆ, ಆದರೆ ಮೀಟರ್‌ನ ಸಂಖ್ಯೆ ಅಷ್ಟಾಗಿ ಏರುವುದಿಲ್ಲ. ನಾನು ಆಗ ಏನು ಮಾಡಿದೆ? ಸಂಖ್ಯೆ ಸಾಲದು ಅಂತ ಲಿಮಿಟರನ್ನು ಇನ್ನಷ್ಟು ಒತ್ತಿದೆ. ಅದು ಮೊದಲು ಕಚ್ಚಿದ್ದು ಕಿಕ್ ಮತ್ತು ಸ್ನೇರ್‌ನ ತುದಿಗಳನ್ನೇ.

ಇನ್ನೊಂದು ಎಡವಟ್ಟು ರಿಲೀಸ್, ಅಂದರೆ ತಗ್ಗಿಸಿದ ಮೇಲೆ ಲಿಮಿಟರ್ ಹಿಡಿತ ಬಿಡಲು ತೆಗೆದುಕೊಳ್ಳುವ ಸಮಯ. ಜೋರಾಗಲಿ ಅಂತ ಲಿಮಿಟರ್ ರಿಲೀಸನ್ನು 5 ಮಿಲಿಸೆಕೆಂಡ್‌ಗೆ ಇಳಿಸಿದ್ದೆ. ನನ್ನ ಸಬ್ ಜಿ ಸ್ವರದ್ದು, 49 ಹರ್ಟ್ಜ್. ಅದರ ಒಂದು ಸುತ್ತಿಗೆ ಸುಮಾರು 20 ಮಿಲಿಸೆಕೆಂಡ್ ಬೇಕು. ರಿಲೀಸ್ ಅದಕ್ಕಿಂತ ಇಷ್ಟು ಚುರುಕಾಗಿದ್ದರೆ ಲಿಮಿಟರ್ ಪ್ರತಿ ಸುತ್ತಿನೊಳಗೇ ಏರಿ ಇಳಿಯುತ್ತದೆ. ಆಗ ಅದು ಲೆವೆಲ್ ಹಿಡಿಯುವುದಿಲ್ಲ, ಅಲೆಯ ಆಕಾರವನ್ನೇ ಬದಲಾಯಿಸುತ್ತದೆ. ಸಬ್‌ಗೆ ಒಂದು ಕರಕರ ಅಂಟಿಕೊಳ್ಳುತ್ತದೆ. ಸರಿ ಅಂತ ರಿಲೀಸ್ ಜಾಸ್ತಿ ಮಾಡಿದೆ, ಆಗ ಇಡೀ ಹಾಡು ಉಸಿರು ಬಿಟ್ಟ ಹಾಗೆ ಏರಿಳಿಯಿತು. 8 ಡೆಸಿಬಲ್ ಇಳಿಸಬೇಕಾದ ಲಿಮಿಟರ್‌ಗೆ ಸರಿಯಾದ ರಿಲೀಸ್ ಅನ್ನುವುದೇ ಇಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಮಧ್ಯೆ ಒಬ್ಬರ ಹತ್ತಿರ ಹಣ ಕೊಟ್ಟು ಮಾಸ್ಟರಿಂಗ್ ಕೂಡ ಮಾಡಿಸಿದ್ದೆ. ಎಂಥ ಮಿಕ್ಸ್ ಕೊಟ್ಟರೂ -4 ಮಾಡಿಕೊಡುತ್ತೇವೆ ಅನ್ನುವುದು ಅವರ ಮಾತು. ಫೈಲ್ ಕಳಿಸಿದ ಕೆಲವೇ ಗಂಟೆಗಳಲ್ಲಿ ವಾಪಸ್ ಬಂತು, -4.3 ಆಗಿ. ಒಂದು ಪ್ರಶ್ನೆ ಇಲ್ಲ. ಸಬ್ ಇಷ್ಟೊಂದು ಇದೆಯಲ್ಲ ಅಂತ ಇಲ್ಲ, ಮೋನೋದಲ್ಲಿ (ಎಡ ಬಲ ಒಂದಾಗಿ ಕೂಡಿಸಿ) ಕೇಳಿದ್ದೀರಾ ಅಂತ ಇಲ್ಲ. ನಾನು ಕಳಿಸಿದ್ದ ಫೈಲ್ ಮೇಲೆ ಆಗಲೇ ಒಂದು ಲಿಮಿಟರ್ ಕೂತಿತ್ತು, ಅದನ್ನೂ ಅವರು ಕೇಳಲಿಲ್ಲ. ಮಾಸ್ಟರಿಂಗ್ ಕೊಡುವಾಗ ಇದನ್ನು ಗಮನಿಸಿ. ಒಳ್ಳೆಯವರು ಮೊದಲು ಮಿಕ್ಸ್ ಕೇಳಿ ಏನು ಸರಿಯಿಲ್ಲ ಅಂತ ಹೇಳಿ ವಾಪಸ್ ಕಳಿಸುತ್ತಾರೆ. ಕೇಳುವ ಮೊದಲೇ ಸಂಖ್ಯೆಯ ಮಾತು ಕೊಡುವವರಿಂದ ದೂರ ಇರಿ.

ಸರಿ, ಸಬ್ ಜಾಸ್ತಿ ಇತ್ತು. ಆದರೆ ನಾನು ಕಿವಿ ಕೊಟ್ಟು ಕೇಳಿಯೇ ತಾನೇ ಅಷ್ಟು ಎತ್ತಿದ್ದು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಉತ್ತರ ಕುರ್ಚಿಯಲ್ಲಿತ್ತು.

ಒಂದು ಮಧ್ಯಾಹ್ನ ಸಿಂಥ್‌ನಲ್ಲಿ ಬರೀ ಸೈನ್ ವೇವ್ ಹಾಕಿ, 49 ಹರ್ಟ್ಜ್ ಒಂದೇ ಸ್ವರ ಹಿಡಿದಿಟ್ಟೆ. ಕುರ್ಚಿಯಲ್ಲಿ ಕೂತರೆ ಏನೋ ಸಣ್ಣಗೆ ಇದೆ ಅನ್ನಿಸುತ್ತಿತ್ತು, ಅಷ್ಟೇ. ಎದ್ದು ಹಿಂದಿನ ಗೋಡೆಯ ಕಡೆ ನಡೆದೆ. ಒಂದೊಂದು ಹೆಜ್ಜೆಗೂ ಸ್ವರ ದಪ್ಪವಾಗುತ್ತಾ ಹೋಯಿತು. ಗೋಡೆಗೆ ಬೆನ್ನು ತಾಗಿಸಿದಾಗ ಹೊಟ್ಟೆ ಅದುರುತ್ತಿತ್ತು, ಪಕ್ಕದ ಬೀರುವಿನ ಬಾಗಿಲು ಕಟಕಟ ಅನ್ನುತ್ತಿತ್ತು. ಫೇಡರ್ ಮುಟ್ಟಿಲ್ಲ, ಸ್ಪೀಕರ್ ಮುಟ್ಟಿಲ್ಲ. ಮತ್ತೆ ಬಂದು ಕುರ್ಚಿಯಲ್ಲಿ ಕೂತೆ, ಸ್ವರ ಮಾಯ.

ಟೇಪ್ ತಂದು ಅಳೆದೆ. ರೂಮಿನ ಉದ್ದ 3.5 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಉದ್ದದ ಎರಡರಷ್ಟರಿಂದ, ಅಂದರೆ 7ರಿಂದ ಭಾಗಿಸಿದರೆ 49. ಆ ಫ್ರೀಕ್ವೆನ್ಸಿಯಲ್ಲಿ ಎರಡು ಗೋಡೆಗಳ ಮಧ್ಯೆ ಅಲೆ ನಿಂತುಬಿಡುತ್ತದೆ. ಗೋಡೆಯ ಹತ್ತಿರ ಒತ್ತಡ ಜಾಸ್ತಿ, ಸರಿಯಾಗಿ ನಡುವೆ ಹೆಚ್ಚುಕಮ್ಮಿ ಸೊನ್ನೆ. ನನ್ನ ಕುರ್ಚಿ ಸರಿಯಾಗಿ ನಡುವೆ ಇತ್ತು. ನನ್ನ ಹಾಡಿನ ಮೂಲ ಸ್ವರ ಸರಿಯಾಗಿ ಅದೇ 49 ಹರ್ಟ್ಜ್. ನಾಲ್ಕು ತಿಂಗಳು ನಾನು ಒಂದು ಹಳ್ಳದಲ್ಲಿ ಕೂತು ಸಬ್ ಸಾಲದು, ಸಾಲದು ಅಂತ ಏರಿಸುತ್ತಲೇ ಹೋಗಿದ್ದೆ. ಒಟ್ಟು 6 ಡೆಸಿಬಲ್ ಜಾಸ್ತಿಯಾಗಿತ್ತು. 6 ಡೆಸಿಬಲ್ ಅಂದರೆ ಅಲೆಯ ಎತ್ತರ ಎರಡರಷ್ಟು.

ಸಾಲದ್ದಕ್ಕೆ ಕೆಲಸ ಮಾಡುತ್ತಿದ್ದದ್ದು ರಾತ್ರಿ, ಸಣ್ಣ ವಾಲ್ಯೂಮ್‌ನಲ್ಲಿ. ವಾಲ್ಯೂಮ್ ಕಡಿಮೆ ಇದ್ದಾಗ ನಮ್ಮ ಕಿವಿಗೆ ತಳದ ಸ್ವರಗಳು ಇನ್ನೂ ಕಡಿಮೆ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಓದಿ ಗೊತ್ತಿತ್ತು, ಆದರೆ ಫೇಡರ್ ಮೇಲೆ ಕೈ ಇಟ್ಟಾಗ ನೆನಪಾಗಲಿಲ್ಲ.

ಇನ್ನು ಆ ಗುರುಗುಟ್ಟುವ ಬೇಸ್ ಎಲ್ಲಿ ಹೋಯಿತು? ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ವಿಷಯ. ಸ್ಟೀರಿಯೋದಲ್ಲಿ ಅಗಲವಾಗಿ ಕೇಳಿಸಲಿ ಅಂತ ಅದರ ಬಲಗಡೆಯನ್ನು 10 ಮಿಲಿಸೆಕೆಂಡ್ ತಡ ಮಾಡಿದ್ದೆ. ಹೆಡ್‌ಫೋನ್‌ನಲ್ಲಿ ಅದ್ಭುತ, ತಲೆಯ ಎರಡೂ ಕಡೆ ಹರಡಿಕೊಳ್ಳುತ್ತಿತ್ತು. ಆದರೆ ಆ ರಾತ್ರಿಯ ಸಿಸ್ಟಮ್ ಮೋನೋ. ದೊಡ್ಡ ಜಾಗಗಳಲ್ಲಿ ಎಲ್ಲ ಕಡೆಯೂ ಒಂದೇ ಥರ ಕೇಳಿಸಲಿ ಅಂತ ಎಡ ಬಲ ಕೂಡಿಸಿ ಮೋನೋ ಮಾಡಿರುವುದು ಸಾಮಾನ್ಯ.

ಈಗ ಲೆಕ್ಕ ನೋಡಿ. 10 ಮಿಲಿಸೆಕೆಂಡ್ ಅಂದರೆ 50 ಹರ್ಟ್ಜ್ ಅಲೆಯ ಸರಿಯಾಗಿ ಅರ್ಧ ಸುತ್ತು. ಎಡದ ಅಲೆ ಮೇಲೆ ಹೋಗುವಾಗ ಬಲದ್ದು ಕೆಳಗೆ ಹೋಗುತ್ತದೆ. ಕೂಡಿಸಿದರೆ ಸೊನ್ನೆ. 50ಕ್ಕೆ ಮಾತ್ರ ಅಲ್ಲ, 150ಕ್ಕೂ ಹಾಗೇ, 250ಕ್ಕೂ ಹಾಗೇ. ನನ್ನ ಬೇಸ್ ಸ್ಕ್ವೇರ್ ವೇವ್‌ನಿಂದ ಮಾಡಿದ್ದು. ಸ್ಕ್ವೇರ್ ವೇವ್‌ನಲ್ಲಿ ಬೆಸ ಹಾರ್ಮೋನಿಕ್‌ಗಳು (ಮೂಲ ಫ್ರೀಕ್ವೆನ್ಸಿಯ 1, 3, 5 ಪಟ್ಟಿನವು) ಮಾತ್ರ ಇರುತ್ತವೆ. ಜಿ ಸ್ವರಕ್ಕೆ ಅವು 49, 147, 245. ಮೋನೋ ಎಲ್ಲಿ ಅಳಿಸುತ್ತದೋ ಅಲ್ಲೇ ನನ್ನ ಬೇಸ್ ಪೂರ್ತಿ ಕೂತಿತ್ತು. ಮಾಸ್ಟರ್ ಚಾನೆಲ್‌ನಲ್ಲಿ ಮೋನೋ ಬಟನ್ ಒತ್ತಿದೆ. ಆ ರಾತ್ರಿ ಕೇಳಿದ್ದೇ ಮತ್ತೆ ಕೇಳಿಸಿತು, ಬರೀ ಊಂ. ಒಂದು ಬಟನ್. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಒತ್ತಿರಲಿಲ್ಲ.

ಸರಿ ಮಾಡಿದ್ದು ಹೀಗೆ. ಮೊದಲು ಕುರ್ಚಿ ಸರಿಸಿದೆ, ಮುಂದಿನ ಗೋಡೆಯಿಂದ 1.3 ಮೀಟರ್‌ಗೆ. ರೂಮಿನ ಉದ್ದದ ಶೇಕಡ 38ರಷ್ಟು ದೂರದಲ್ಲಿ ಕೂತು ನೋಡಿ ಅಂತ ಸ್ಟುಡಿಯೋ ಕೆಲಸದವರು ಹೇಳುವ ಲೆಕ್ಕ ಇದೆ, ಅಲ್ಲಿಂದ ಶುರು ಮಾಡಿದೆ. ಎಲ್ಲ ರೂಮಿಗೂ ಅದೇ ಸರಿ ಅಂತಲ್ಲ. ನೀವು ಸೈನ್ ವೇವ್ ಹಾಕಿ 40ರಿಂದ 100 ಹರ್ಟ್ಜ್‌ವರೆಗೆ ಒಂದೊಂದೇ ಸ್ವರ ನುಡಿಸಿ, ಯಾವುದು ಮಾಯ ಆಗುತ್ತದೆ, ಯಾವುದು ಉಬ್ಬುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಇಷ್ಟವಾದ ಒಂದು ಟ್ರ್ಯಾಕ್ ತಂದು, ಅದರ ಜೋರು ನಿಮ್ಮ ಮಿಕ್ಸ್‌ನಷ್ಟೇ ಆಗುವವರೆಗೆ ಇಳಿಸಿ, ಎರಡನ್ನೂ ಅದಲುಬದಲು ಮಾಡಿ ಕೇಳಿ. ಇಳಿಸದೆ ಹೋಲಿಸಿದರೆ ಜೋರಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ?

ಸಬ್ 6 ಡೆಸಿಬಲ್ ಇಳಿಯಿತು. ಅದರ ಮೇಲೆ ಸ್ವಲ್ಪ ಸ್ಯಾಚುರೇಶನ್ (ಹದವಾದ ಡಿಸ್ಟಾರ್ಷನ್) ಹಾಕಿದೆ, 98 ಮತ್ತು 147ರಲ್ಲಿ ಹಾರ್ಮೋನಿಕ್ ಹುಟ್ಟಲಿ ಅಂತ. ಆಗ ಸಣ್ಣ ಸ್ಪೀಕರ್‌ನಲ್ಲೂ ಸಬ್ ಇದೆ ಅಂತ ಕಿವಿಗೆ ಗೊತ್ತಾಗುತ್ತದೆ. ಕಿಕ್ ಬಿದ್ದ ಮೊದಲ 80 ಮಿಲಿಸೆಕೆಂಡ್ ಸಬ್ ಪೂರ್ತಿ ಬಗ್ಗಿ ದಾರಿ ಬಿಡುವ ಹಾಗೆ ಸೈಡ್‌ಚೈನ್ ಕಟ್ಟಿದೆ. ಮೊದಲೂ ಸೈಡ್‌ಚೈನ್ ಇತ್ತು, ಆದರೆ ಸುಮ್ನೆ ಕಿವಿಯ ಅಂದಾಜಿನಲ್ಲಿ. ಈ ಸಲ ಆಸಿಲೋಸ್ಕೋಪ್ ಹಾಕಿ ಎರಡೂ ಅಲೆ ಒಂದರ ಮೇಲೊಂದು ಏರದ ಹಾಗೆ ಕಣ್ಣಿನಿಂದ ನೋಡಿ ಹೊಂದಿಸಿದೆ.

ತಡ ಮಾಡಿದ್ದನ್ನು ತೆಗೆದುಹಾಕಿದೆ. ಬೇಸನ್ನು ಎರಡು ಭಾಗ ಮಾಡಿದೆ. 120 ಹರ್ಟ್ಜ್‌ನ ಕೆಳಗೆ ಪೂರ್ತಿ ಮೋನೋ. ಅಗಲ ಬೇಕಿದ್ದರೆ ಮೇಲಿನ ಭಾಗಕ್ಕೆ ಮಾತ್ರ, ಅದೂ ಮೋನೋ ಬಟನ್ ಒತ್ತಿ ಏನೂ ಕಳೆದುಹೋಗಿಲ್ಲ ಅಂತ ಕೇಳಿಕೊಂಡ ಮೇಲೆ.

ಜೋರು ಮಾಡುವ ಕೆಲಸ ಮಾಸ್ಟರ್‌ನಿಂದ ಚಾನೆಲ್‌ಗಳಿಗೆ ಹೋಯಿತು. ಸ್ನೇರ್‌ನ ತುದಿ ಒಂದೆರಡು ಮಿಲಿಸೆಕೆಂಡ್ ಅಷ್ಟೇ. ಅದನ್ನು ಡ್ರಮ್ ಬಸ್ (ಎಲ್ಲ ಡ್ರಮ್‌ಗಳು ಸೇರುವ ಚಾನೆಲ್) ಮೇಲೆ ಕ್ಲಿಪ್ಪರ್‌ನಿಂದ 3 ಡೆಸಿಬಲ್ ಕತ್ತರಿಸಿದರೆ ಕಿವಿಗೆ ತಿಳಿಯುವುದೇ ಇಲ್ಲ, ಆದರೆ ಲಿಮಿಟರ್‌ಗೆ ಅಷ್ಟು ಭಾರ ಇಳಿಯುತ್ತದೆ. ಬೇಸ್ ಬಸ್‌ಗೂ ಹೀಗೇ, ಇನ್ನೂ ಕಡಿಮೆ. ಕ್ಲಿಪ್ಪರ್‌ನಲ್ಲಿ ಓವರ್‌ಸ್ಯಾಂಪ್ಲಿಂಗ್ ಆನ್ ಮಾಡಿ, ಇಲ್ಲದಿದ್ದರೆ ಏಲಿಯಾಸಿಂಗ್ (ಮೂಲದಲ್ಲಿ ಇಲ್ಲದ ಫ್ರೀಕ್ವೆನ್ಸಿಗಳು) ಬಂದು ಹ್ಯಾಟ್‌ಗಳ ಜಾಗದಲ್ಲಿ ಕೊಳೆ ಸೇರುತ್ತದೆ. ಮತ್ತೆ, ಕ್ಲಿಪ್ಪರ್ ಆದಮೇಲೆ ಹೈಪಾಸ್ ಫಿಲ್ಟರ್ (ತಳದ ಫ್ರೀಕ್ವೆನ್ಸಿ ತೆಗೆಯುವುದು) ಹಾಕಬೇಡಿ. ತಳ ಕ್ಲೀನ್ ಆಗಲಿ ಅಂತ ನಾನು 30 ಹರ್ಟ್ಜ್‌ನಲ್ಲಿ ಒಂದು ಹಾಕಿದ್ದೆ. ಕತ್ತರಿಸಿ ಚಪ್ಪಟೆ ಮಾಡಿದ್ದ ಅಲೆಯ ತಲೆ ಓರೆಯಾಗಿ, ಪೀಕ್ 2 ಡೆಸಿಬಲ್ ಮೇಲಕ್ಕೆ ಎದ್ದಿತ್ತು. ಫಿಲ್ಟರ್ ಫೇಸನ್ನು ತಿರುಗಿಸುವುದರಿಂದ ಹೀಗಾಗುತ್ತದೆ. ತೆಗೆಯುವುದಿದ್ದರೆ ಕ್ಲಿಪ್ಪರ್‌ಗೆ ಮೊದಲೇ ತೆಗೆಯಿರಿ.

ಈಗ ಮಾಸ್ಟರ್ ಲಿಮಿಟರ್ ಇಳಿಸುವುದು ಒಂದೂವರೆ ಡೆಸಿಬಲ್. ಡ್ರಾಪ್ -5.6. ಮೀಟರ್‌ನಲ್ಲಿ ಹಳೆಯದಕ್ಕಿಂತ ಕಡಿಮೆ, ಆದರೆ ಕಿಕ್ ವಾಪಸ್ ಬಂದಿದೆ, ಮೋನೋದಲ್ಲೂ ಬೇಸ್ ಗುರುಗುಟ್ಟುತ್ತದೆ. ಸ್ಟ್ರೀಮಿಂಗ್‌ನಲ್ಲಿ ಹಳೆಯದು ಇನ್ನೂ ಬಡವಾಗಿ ಕೇಳಿಸುತ್ತಿತ್ತು. ಸ್ಪಾಟಿಫೈ ಸುಮ್ಮನೆ ಬಿಟ್ಟರೆ ಎಲ್ಲವನ್ನೂ -14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತರುತ್ತದೆ. ಜೋರು ಹೋದಮೇಲೆ ಉಳಿಯುವುದು ಚಪ್ಪಟೆಯಾದ ಡ್ರಮ್ ಮಾತ್ರ. ಎಂಪಿ3, ಎಎಸಿ ಆಗುವಾಗ ಪೀಕ್ ಇನ್ನಷ್ಟು ಏರುತ್ತದೆ, ಅದಕ್ಕೆ ಸ್ಟ್ರೀಮಿಂಗ್ ಫೈಲ್‌ಗೆ ಟ್ರೂ ಪೀಕ್ (ಪ್ಲೇ ಆಗುವಾಗ ಅಲೆ ನಿಜವಾಗಿ ಮುಟ್ಟುವ ಪೀಕ್) -1 ಇಟ್ಟಿದ್ದೇನೆ.

ಹಳೆಯ ಫೈಲನ್ನು ನಾನು ಆಗಲೇ ಹತ್ತು ಹನ್ನೆರಡು ಡಿಜೆಗಳಿಗೆ ಕಳಿಸಿಬಿಟ್ಟಿದ್ದೆ. ಎಲ್ಲರಿಗೂ ಮತ್ತೆ ಬರೆದಿದ್ದೇನೆ, ಉತ್ತರ ಬಂದಿದ್ದು ನಾಲ್ವರಿಂದ. ಉಳಿದವರ ಪೆನ್‌ಡ್ರೈವ್‌ನಲ್ಲಿ ಇನ್ನೂ ಅದೇ ಇದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಈ ಟ್ರ್ಯಾಕ್‌ನ, ಹೆಸರಿನ ಕೊನೆಯಲ್ಲಿ 2 ಇಲ್ಲದ ಹಳೆಯ ಫೈಲ್ ಇದ್ದರೆ, ದಯವಿಟ್ಟು ಅಳಿಸಿ. ಹೊಸದು ಕಳಿಸುತ್ತೇನೆ, ಒಂದು ಮೆಸೇಜ್ ಮಾಡಿ ಸಾಕು.